ಎತೆಲ್ವಿನಾ ಬಿಗಿದ ಹದಿನಾಲ್ಕು ಕ್ಯಾನ್ವಾಸ್

ನನ್ನ ದೊಡ್ಡಮ್ಮ ಎತೆಲ್ವಿನಾ ಜೀವಮಾನದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದ್ದು ಎರಡೇ ಸಲ. ಮೊದಲನೆಯದು 1938ರಲ್ಲಿ, ಅಂತರ್ಯುದ್ಧದಲ್ಲಿ ಸೈನಿಕರು ಗುಂಡಿಕ್ಕಿ ಕೊಂದ ತನ್ನ ಅಪ್ಪನ ಕೋಟು ಮತ್ತು ಬೂಟುಗಳನ್ನು ಸಹಿ ಹಾಕಿ ಬಿಡಿಸಿಕೊಂಡು ಬರುವುದಕ್ಕೆ. ಆಗ ಅವಳಿಗೆ ಹದಿನೇಳು ವರ್ಷ. ಎರಡನೆಯದು 1984ರ ಫೆಬ್ರವರಿಯಲ್ಲಿ, ಒವಿಯೆದೊ ನಗರದಲ್ಲಿ, ನನ್ನ ತೋಳು ಹಿಡಿದುಕೊಂಡು. ಆ ಎರಡನೆಯ ಸಲದ ಬಗ್ಗೆ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂತು. ಅವಳ ಹೆಸರನ್ನು ಮಾತ್ರ ಒಂದೊಂದು ಪತ್ರಿಕೆ ಒಂದೊಂದು ರೀತಿ ತಪ್ಪಾಗಿ ಬರೆಯಿತು. ಅಲ್ಲಿ ಬಾರದೆ ಉಳಿದದ್ದನ್ನು ನಾನು ಹೇಳುತ್ತೇನೆ.

ತಾರ್ನೇದ ಅನ್ನುವುದು ಹಿಹೋನ್‌ನಿಂದ ಪಶ್ಚಿಮಕ್ಕಿರುವ ಸಣ್ಣ ಬಂದರು. ಅಲ್ಲಿ ಹುಟ್ಟಿದ ಹೆಣ್ಣುಮಕ್ಕಳು ಹನ್ನೆರಡಕ್ಕೆ ಮೀನಿನ ಡಬ್ಬಿ ಕಾರ್ಖಾನೆ ಸೇರುತ್ತಿದ್ದರು. ದೊಡ್ಡಮ್ಮನೂ ಸೇರಿದಳು. ಹದಿನಾಲ್ಕನೆಯ ವಯಸ್ಸಿನಲ್ಲಿ ತಗಡು ಕತ್ತರಿಸುವ ಯಂತ್ರ ಅವಳ ಎಡಗೈಯ ಕೊನೆಯ ಎರಡು ಬೆರಳನ್ನು ತೆಗೆದುಕೊಂಡಿತು. ಆಮೇಲೆ ಅವಳನ್ನು ಉಪ್ಪು ಹಾಕುವ ಸಾಲಿನಿಂದ ತೆಗೆದು, ಹಳೆಯ ಹಾಯಿಬಟ್ಟೆಗೆ ತೇಪೆ ಹಾಕುವ ಕೋಣೆಗೆ ಕೂರಿಸಿದರು. 1947ರಲ್ಲಿ ಒಬ್ಬ ಬಡಕಲು ಮನುಷ್ಯ ಬಂದು, ಹರಿದ ಹಾಯಿಬಟ್ಟೆ ಇದ್ದರೆ ಕೊಡಿ ಎಂದು ಕೇಳಿದ್ದು ಆ ಕೋಣೆಯಲ್ಲೇ.

ಆ ಮನುಷ್ಯ ಎರ್ಮಿನಿಯೊ ವಾಯೆದೋರ್. ಅವರು ಹತ್ತು ವರ್ಷ ಪ್ಯಾರಿಸಿನಲ್ಲಿ ಚಿತ್ರ ಬರೆದಿದ್ದರು, ಅಂತರ್ಯುದ್ಧದ ಹೊತ್ತಿಗೆ ದೇಶಕ್ಕೆ ಮರಳಿ, ಸೋತ ಪಕ್ಷದ ಗೋಡೆಚಿತ್ರಗಳನ್ನು ಬರೆದು, ಆರು ವರ್ಷ ಜೈಲಿನಲ್ಲಿ ಕಳೆದಿದ್ದರು. ಬಿಟ್ಟ ಮೇಲೆ ತಾರ್ನೇದ ದಾಟಿ ಹೋಗಕೂಡದು, ಪ್ರತಿ ಸೋಮವಾರ ಠಾಣೆಗೆ ಬಂದು ಸಹಿ ಹಾಕಬೇಕು ಎಂಬ ಶರತ್ತು. ದೋಣಿಗಳ ಮೇಲೆ ಹೆಸರು ಬರೆದು ಹೊಟ್ಟೆ ಹೊರೆಯುತ್ತಿದ್ದರು. ಕ್ಯಾನ್ವಾಸ್ ಕೊಳ್ಳುವ ಶಕ್ತಿ ಇರಲಿಲ್ಲ. ದೊಡ್ಡಮ್ಮ ಕಾವಲುಗಾರನ ಕಣ್ಣು ತಪ್ಪಿಸಿ ಎರಡು ತುಂಡು ಹಾಯಿಬಟ್ಟೆಯನ್ನು ಲಂಗದ ಕೆಳಗೆ ಸುತ್ತಿಕೊಂಡು ಹೊರಗೆ ತಂದುಕೊಟ್ಟಳು. ಅವರು ಕಲಿಸಿದರು, ಇವಳು ಕಲಿತಳು. ಮರದ ಚೌಕಟ್ಟಿಗೆ ಬಟ್ಟೆ ಎಳೆದು ಮೊಳೆ ಹೊಡೆಯುವುದು, ಮೊಲದ ಚರ್ಮ ಕುದಿಸಿ ತೆಗೆದ ಅಂಟು ಬಳಿಯುವುದು, ಅದು ಆರಿದ ಮೇಲೆ ಸುಣ್ಣದ ಪುಡಿ ಕಲಸಿದ ಬಿಳಿಯನ್ನು ಮೂರು ಸಲ ಹಚ್ಚಿ, ಮೂರು ಸಲ ಉಜ್ಜುವುದು. ಎಡಗೈಯಲ್ಲಿ ಮೂರೇ ಬೆರಳು ಇದ್ದುದರಿಂದ ಅವಳು ಎಳೆದ ಬಟ್ಟೆ ಎಡ ಅಂಚಿನಲ್ಲಿ ಸ್ವಲ್ಪ ಸಡಿಲ. ನೇಯ್ಗೆಯ ಎಳೆಗಳು ಅಲ್ಲಿ ಅಲೆಯ ಹಾಗೆ ಬಾಗುತ್ತಿದ್ದವು. ಎರ್ಮಿನಿಯೊ ಅದನ್ನು ಸರಿಮಾಡಲು ಬಿಡಲಿಲ್ಲ. ಅಲ್ಲಿಂದಲೇ ತನಗೆ ಚಿತ್ರ ಶುರುವಾಗುತ್ತದೆ ಎನ್ನುತ್ತಿದ್ದರು.

ಅಲ್ಲಿಂದ ಮುಂದೆ ಅವರು ಬೇರೆಯವರು ಬಿಗಿದ ಬಟ್ಟೆಯ ಮೇಲೆ ಒಂದು ಗೆರೆಯನ್ನೂ ಎಳೆಯಲಿಲ್ಲ. ಮೊದಮೊದಲು ಕಲ್ಲಿದ್ದಲು ಹೆಕ್ಕುವ ಹೆಂಗಸರನ್ನು ಬರೆದರು, ಆಮೇಲೆ ಹೆಂಗಸರು ಹೋಗಿ ಬರೀ ಕಪ್ಪು ಉಳಿಯಿತು. ಊರಿನವರು ಆ ಕಪ್ಪನ್ನು ನೋಡಿ ನಗುತ್ತಿದ್ದರು. 1959ರಲ್ಲಿ ಪ್ಯಾರಿಸಿನ ಹಳೆಯ ಗೆಳೆಯರು ಅವರ ಹತ್ತು ಚಿತ್ರಗಳನ್ನು ತರಿಸಿ ಪ್ರದರ್ಶನ ಇಟ್ಟರು. ಅದಾಗಿ ನಾಲ್ಕು ವರ್ಷಕ್ಕೆ ಅಮೆರಿಕದಲ್ಲಿ ಅವರ ಹೆಸರು ಕೇಳಿಬಂತು. ಸೋಮವಾರ ಸೋಮವಾರ ಸಹಿ ಹಾಕಿಸಿಕೊಳ್ಳುತ್ತಿದ್ದ ಸಾರ್ಜೆಂಟ್ ಒಂದು ದಿನ ಟೋಪಿ ಕೈಲಿ ಹಿಡಿದು ಮನೆಗೇ ಬಂದು ಕೈಕುಲುಕಿದ. ದೊಡ್ಡಮ್ಮ ಕಾರ್ಖಾನೆ ಬಿಟ್ಟು ಅವರ ಚಿತ್ರಶಾಲೆಯ ಕೆಳಗಿನ ಎರಡು ಕೋಣೆಗಳಲ್ಲಿ ವಾಸಕ್ಕೆ ಬಂದಳು. ಊರು ಏನೇನೋ ಮಾತಾಡಿತು. ನನ್ನ ಅಮ್ಮ ಒಮ್ಮೆ ನೇರವಾಗಿ ಕೇಳಿಯೂ ಬಿಟ್ಟಳಂತೆ. ಆ ಮನುಷ್ಯನಿಗೆ ಮದುವೆಯಾಗಿರುವುದು ಕಪ್ಪು ಬಣ್ಣದ ಜೊತೆ ಎಂದು ದೊಡ್ಡಮ್ಮ ಹೇಳಿ, ಮೊಳೆ ಹೊಡೆಯುವುದನ್ನು ಮುಂದುವರಿಸಿದಳಂತೆ.

1976ರ ಅಕ್ಟೋಬರಿನಲ್ಲಿ ಎರ್ಮಿನಿಯೊಗೆ ಲಕ್ವ ಹೊಡೆಯಿತು. ಮಾತು ಹತ್ತು ದಿನಕ್ಕೆ ಮರಳಿತು, ಬಲಗೈ ಮರಳಲಿಲ್ಲ. ಆಗ ಪುರಭವನಕ್ಕಾಗಿ ದೊಡ್ಡದೊಂದು ಚಿತ್ರ ಅರ್ಧಕ್ಕೆ ನಿಂತಿತ್ತು. ಊರು ಅವರಿಂದ ಕೇಳಿ ಬರೆಸಿಕೊಳ್ಳುತ್ತಿದ್ದ ಮೊದಲ ಚಿತ್ರ ಅದು. ಅವರು ದೊಡ್ಡಮ್ಮನನ್ನು ಹತ್ತಿರ ಕರೆದು, ಕೈ ಹೋದ ಸಂಗತಿ ಈ ಬಾಗಿಲು ದಾಟಬಾರದು ಎಂದು ಮಾತು ತೆಗೆದುಕೊಂಡರು. ಆರು ವರ್ಷ ಜೈಲಿನಲ್ಲಿ ಕೊಟ್ಟ ಕನಿಕರವನ್ನೇ ತಿಂದು ಸಾಕಾಗಿದೆ, ಮತ್ತೆ ಅದು ಬೇಡ ಎಂದರು. ಆಮೇಲೆ ಕುರ್ಚಿಯಲ್ಲಿ ಕೂತು ಒಂದೊಂದಾಗಿ ಹೇಳುತ್ತ ಹೋದರು. ಇಲ್ಲಿ ದಪ್ಪ, ಇಲ್ಲಿ ತೆಳು, ಇಲ್ಲಿ ಚಾಕುವಿನಿಂದ ಕೆರೆ, ಅಲ್ಲಿ ಬಿಡು. ದೊಡ್ಡಮ್ಮ ಏಳು ವಾರ ಅವರು ಹೇಳಿದ ಹಾಗೆ ಚಿತ್ರದ ಕೆಳಗಿನ ಭಾಗ ತುಂಬಿದಳು. 1977ರ ವಸಂತದಲ್ಲಿ ಪುರಭವನದ ಗೋಡೆಗೆ ಅದನ್ನು ತೂಗುಹಾಕಿದಾಗ ಬ್ಯಾಂಡ್ ಬಾರಿಸಿದರು. ಎರ್ಮಿನಿಯೊ ಬಲಗೈಯನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡೇ ನಿಂತಿದ್ದರು. ಸೊಕ್ಕು ನೋಡು ಮುದುಕನದು ಎಂದು ಜನ ಅಂದುಕೊಂಡರು.

ಆಮೇಲೆ ಅವರು ಒಂದೂ ಚಿತ್ರ ಬರೆಯಲಿಲ್ಲ, ಅವಳಿಂದ ಬರೆಸಲೂ ಇಲ್ಲ. ಆದರೂ ಆಗಾಗ ಒಂದು ಕ್ಯಾನ್ವಾಸ್ ಸಿದ್ಧ ಮಾಡು ಎನ್ನುತ್ತಿದ್ದರು. ಹೊಸ ಬಿಳಿ ಬಟ್ಟೆ ಎದುರಿಗಿದ್ದರೆ ಬೆಳಿಗ್ಗೆ ಏಳುವುದಕ್ಕೆ ಮನಸ್ಸಾಗುತ್ತದೆ ಎಂದು. 1979ರ ಜನವರಿಯಲ್ಲಿ ಅವರು ತೀರಿಕೊಂಡಾಗ ಚಿತ್ರಶಾಲೆಯ ಗೋಡೆಗೆ ಹದಿನಾಲ್ಕು ಖಾಲಿ ಕ್ಯಾನ್ವಾಸ್ ಒರಗಿದ್ದವು.

ಮನೆ, ಚಿತ್ರಶಾಲೆ, ಬಣ್ಣದ ಡಬ್ಬಿಗಳು, ಎಲ್ಲವೂ ಅವರ ತಮ್ಮನ ಮಗ ಫಾದ್ರಿಕೆಯ ಪಾಲಾದವು. ಮ್ಯಾಡ್ರಿಡ್‌ನಲ್ಲಿ ಕಟ್ಟಡಗಳ ವ್ಯವಹಾರ ಮಾಡುತ್ತಿದ್ದ ಅವನು ಕೆಟ್ಟ ನಡವಳಿಕೆಯವನೇನೂ ಅಲ್ಲ. ದೊಡ್ಡಮ್ಮನಿಗೆ ಆ ಎರಡು ಕೋಣೆಗಳಲ್ಲೇ ಇರಿ ಎಂದ, ಬಾಡಿಗೆಯ ಮಾತೆತ್ತಲಿಲ್ಲ. ಒಂದು ದಿನ ಲಾರಿ ತಂದು ಚಿತ್ರಶಾಲೆಯನ್ನು ಖಾಲಿ ಮಾಡಿದ. ಖಾಲಿ ಕ್ಯಾನ್ವಾಸುಗಳನ್ನೂ ಕಂಬಳಿ ಸುತ್ತಿ ಒಯ್ದದ್ದನ್ನು ದೊಡ್ಡಮ್ಮ ನೋಡಿದಳು. ಕಸಕ್ಕೆ ಹಾಕಲಿಲ್ಲವಲ್ಲ ಎಂದು ಸಮಾಧಾನವೇ ಆಯಿತಂತೆ.

ಮೂರು ವರ್ಷದ ಮೇಲೆ ಪತ್ರಿಕೆಯಲ್ಲಿ ಫೋಟೊ ಬಂತು. ವಾಯೆದೋರ್ ಕೊನೆಯ ಎರಡು ವರ್ಷಗಳಲ್ಲಿ ಗುಟ್ಟಾಗಿ ಬರೆದ ಹದಿನಾಲ್ಕು ಚಿತ್ರಗಳು ಬೆಳಕಿಗೆ ಬಂದಿವೆ ಎಂದು. ನಾನು ಆ ಭಾನುವಾರ ತಾರ್ನೇದಕ್ಕೆ ಹೋಗಿದ್ದೆ. ದೊಡ್ಡಮ್ಮ ಪತ್ರಿಕೆಯನ್ನು ಕಿಟಕಿಯ ಹತ್ತಿರ ಹಿಡಿದು ತುಂಬ ಹೊತ್ತು ನೋಡಿ, ಮಡಚಿ, ಅದರ ಮೇಲೆ ಮೀನು ಕತ್ತರಿಸಿದಳು. ಇವು ನಕಲಿ ಎಂದರೆ ಕೈ ಹೋದ ಗುಟ್ಟು ಹೊರಬೀಳುತ್ತಿತ್ತು. ಕೊಟ್ಟ ಮಾತು ಇತ್ತು.

ಬಿಲ್ಬಾವೊದ ಒಬ್ಬ ಸಂಗ್ರಾಹಕ ಆ ಹದಿನಾಲ್ಕರಲ್ಲಿ ಮೂರನ್ನು ಕೊಂಡಿದ್ದ. ಯಾಕೋ ಅನುಮಾನ ಬಂದು ದಾವೆ ಹಾಕಿದ. ತಜ್ಞರು ಎರಡು ಗುಂಪಾದರು. ಬಣ್ಣ ಪರೀಕ್ಷೆ ಮಾಡಿದರೆ ಅದು ಎರ್ಮಿನಿಯೊ ಡಬ್ಬಿಗಳದೇ ಬಣ್ಣ. ಬಟ್ಟೆ ನೋಡಿದರೆ ಎಡ ಅಂಚಿನಲ್ಲಿ ಅದೇ ಅಲೆ. ಕೊನೆಗೆ ಎಲ್ಲರ ಕಣ್ಣೂ ಕ್ಯಾನ್ವಾಸ್ ಬಿಗಿದ ಹೆಂಗಸಿನ ಮೇಲೆ ಬಿತ್ತು.

ಸಾಕ್ಷಿಗೆ ಹೆಸರು ಕೊಡುವ ಮೊದಲು ಫಾದ್ರಿಕೆ ತಾನೇ ಬಂದ. ಅಕ್ರೋಟಿನ ಹೂರಣ ತುಂಬಿದ ಕಾಸಾದಿಯೆಲ್ಲಾ ಸಿಹಿಯ ಪೆಟ್ಟಿಗೆ ತಂದಿದ್ದ. ನಾನು ಅಲ್ಲೇ ಇದ್ದೆ. ಅವನು ಒಂದೂ ಬಿರುನುಡಿ ಆಡಲಿಲ್ಲ. ಛಾವಣಿಯ ಹೆಂಚು ಬದಲಾಯಿಸಬೇಕು, ಬೇಸಿಗೆಗೆ ಆಳು ಕಳಿಸುತ್ತೇನೆ ಎಂದ. ಕಾಫಿ ಮುಗಿಸಿದ ಮೇಲೆ ವಿಷಯಕ್ಕೆ ಬಂದ.

"ನಿಮ್ಮನ್ನ ಸುಳ್ಳು ಹೇಳಿ ಅಂತ ಕೇಳ್ತಿಲ್ಲಮ್ಮ," ಅಂದ. "ಈ ಬಟ್ಟೆ ನೀವು ಬಿಗಿದಿದ್ದಾ ಅಂತ ಕೇಳ್ತಾರೆ. ಹೌದು ಅನ್ನಿ. ದೊಡ್ಡಪ್ಪನಿಗೋಸ್ಕರನಾ ಅಂತಾರೆ. ಹೌದು ಅನ್ನಿ. ಎರಡೂ ನಿಜ ತಾನೆ?"

"ನಿಜ," ಅಂದಳು ದೊಡ್ಡಮ್ಮ.

"ಅಷ್ಟೇ. ಮಿಕ್ಕಿದ್ದು ನಮ್ಮ ವಕೀಲರು ನೋಡ್ಕೋತಾರೆ."

ಅವನು ಹೋದ ಮೇಲೆ ಅವಳು ಕಾಫಿಯ ಲೋಟಗಳನ್ನು ತೊಳೆದಿಟ್ಟಳು. ಅವತ್ತೇ ಅವಳು ನನಗೆ ಲಕ್ವದ ಸಂಗತಿ, ಪುರಭವನದ ಚಿತ್ರದ ಸಂಗತಿ ಎರಡನ್ನೂ ಹೇಳಿದ್ದು. ಬಾಯಿ ಮುಚ್ಚಿಕೊಂಡರೆ ನಕಲಿಗೆ ಅಸಲಿನ ಮುದ್ರೆ ಬೀಳುತ್ತದೆ. ಬಾಯಿ ಬಿಟ್ಟರೆ ಸತ್ತವರಿಗೆ ಕೊಟ್ಟ ಮಾತು ಮುರಿಯುತ್ತದೆ, ಊರಿನ ಹೆಮ್ಮೆಯ ಚಿತ್ರವೂ ಗೋಡೆಯಿಂದ ಇಳಿಯುತ್ತದೆ, ತಲೆಯ ಮೇಲಿನ ಸೂರೂ ಹೋಗುತ್ತದೆ. ಏನು ಮಾಡುತ್ತೀ ಎಂದು ಕೇಳಿದೆ.

"ಗೊತ್ತಿಲ್ಲ ನಿಯೆವೆಸ್. ಅಲ್ಲಿ ಹೋಗಿ ಆ ಚಿತ್ರ ನೋಡ್ಬೇಕು ಮೊದ್ಲು. ಫೋಟೊದಲ್ಲಿ ಏನೂ ಕಾಣಲ್ಲ."

ಮೂರು ವಾರ ಅವಳು ಸರಿಯಾಗಿ ಊಟ ಮಾಡಲಿಲ್ಲ. ಭಾನುವಾರ ನಾನು ಹೋದಾಗಲೆಲ್ಲ ನೆಲ ಒರೆಸುತ್ತಿರುತ್ತಿದ್ದಳು. ಒರೆಸಿದ ನೆಲವನ್ನೇ ಮತ್ತೆ ಒರೆಸುತ್ತಿದ್ದಳು.

ವಿಚಾರಣೆಯ ದಿನ ಕೋರ್ಟಿನ ಕೋಣೆ ತುಂಬಿತ್ತು. ತಾರ್ನೇದದಿಂದಲೇ ಒಂದು ಬಸ್ಸು ಜನ ಬಂದಿದ್ದರು. ಬೇಕರಿಯ ಒಬ್ದೂಲಿಯಾ ಮುಂದಿನ ಸಾಲಿನಲ್ಲೇ ಜಾಗ ಹಿಡಿದಿದ್ದಳು. ಮೂರು ಚಿತ್ರಗಳನ್ನು ಗೋಡೆಗೆ ಒರಗಿಸಿ ಇಟ್ಟಿದ್ದರು. ಪ್ರಮಾಣ ಮಾಡಿಸಿದ ಮೇಲೆ ದೊಡ್ಡಮ್ಮ ಅನುಮತಿ ಕೇಳಿ ಅವುಗಳ ಹತ್ತಿರ ಹೋದಳು. ಮೊದಲು ಚಿತ್ರದ ಮುಖ ನೋಡಲೇ ಇಲ್ಲ. ಹಿಂಬದಿ ತಿರುಗಿಸಿ, ಮೊಳೆಗಳ ಮೇಲೆ ಬೆರಳಾಡಿಸಿ, ಅಂಚು ಮುಟ್ಟಿದಳು. ಆಮೇಲೆ ಮುಂದೆ ಬಂದು ಕಪ್ಪನ್ನು ನೋಡಿದಳು. ಆಮೇಲೆ ಸಾಕ್ಷಿಯ ಕುರ್ಚಿಗೆ ಮರಳಿ ಕೂತಳು.

ಫಾದ್ರಿಕೆಯ ವಕೀಲ ಎದ್ದು ನಯವಾಗಿ ಕೇಳಿದ. ಈ ಬಟ್ಟೆ ಬಿಗಿದವರು ನೀವೇ ತಾನೆ ಎಂದ. ಹೌದು ಎಂದಳು. ದೋನ್ ಎರ್ಮಿನಿಯೊ ಹೇಳಿ ಮಾಡಿಸಿದ್ದೇ ತಾನೆ ಎಂದ. ಹೌದು ಎಂದಳು. ನನಗೆ ಇಷ್ಟೇ ಸಾಕು ಎಂದು ಅವನು ಕೂತ. ನ್ಯಾಯಾಧೀಶರು ಎದುರು ವಕೀಲನ ಕಡೆ ನೋಡಿದರು. ಆ ಮನುಷ್ಯ ಕಾಗದ ತಿರುವುತ್ತ, ಪ್ರಶ್ನೆ ಇಲ್ಲ ಎಂದು ತಲೆಯಾಡಿಸಿದ. ಬಟ್ಟೆ ಅವಳದೇ ಎಂದಾದ ಮೇಲೆ ಅವನ ಕೈಯಲ್ಲಿ ಏನೂ ಉಳಿದಿರಲಿಲ್ಲ. ನೀವು ಹೋಗಬಹುದು ಎಂದರು ನ್ಯಾಯಾಧೀಶರು.

ದೊಡ್ಡಮ್ಮ ಏಳಲಿಲ್ಲ. ಗುಮಾಸ್ತ ಬಂದು ಅವಳ ಹೆಗಲು ಮುಟ್ಟಿದ. ಆಗಲೂ ಏಳಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಅವ್ರು ಪೂರ್ತಿ ಕೇಳ್ಲಿಲ್ಲ ಸ್ವಾಮಿ," ಅಂದಳು.

ಏನು ಕೇಳಬೇಕಿತ್ತು ಎಂದು ನ್ಯಾಯಾಧೀಶರು ಕೇಳಿದರು.

"ಯಾವಾಗ ಬಿಗಿದೆ ಅಂತ ಕೇಳ್ಬೇಕಿತ್ತು. ಈ ಮೂರೂ ಅವ್ರ ಕೈ ಹೋದ ಮೇಲೆ ಬಿಗಿದವು. ಎಪ್ಪತ್ತಾರರಲ್ಲೇ ಬಲಗೈ ಹೋಗಿತ್ತು. ಒಂದು ಚಮಚ ಎತ್ತೋಕಾಗ್ತಿರ್ಲಿಲ್ಲ. ಅವ್ರು ತೀರ್ಕೊಂಡ ದಿನ ಇವು ಬೆಳ್ಳಗಿದ್ವು, ಹದಿನಾಲ್ಕೂ ಬೆಳ್ಳಗಿದ್ವು. ನಾನೇ ಧೂಳು ಒರೆಸಿ ಇಟ್ಟಿದ್ದೆ."

ಕೋಣೆಯಲ್ಲಿ ಗದ್ದಲವೆದ್ದಿತು. ಫಾದ್ರಿಕೆಯ ಮುಖ ಸುಣ್ಣವಾಯಿತು. ಅವನ ವಕೀಲ ಮಾತ್ರ ನಿಧಾನವಾಗಿ ಎದ್ದ. ಈ ಬಾರಿ ನಯ ಇರಲಿಲ್ಲ. ಕಲಾವಿದನ ಕೈ ಹೋಗಿತ್ತೆಂದು ಹೇಳುವ ವೈದ್ಯರ ಕಾಗದ ಎಲ್ಲಿದೆ ಎಂದು ಕೇಳಿದ. ಊರ ವೈದ್ಯರು ತೀರಿಕೊಂಡಿದ್ದಾರೆ, ಕಾಗದ ಬರೆಯಬೇಡಿ ಎಂದು ಎರ್ಮಿನಿಯೊ ಯಜಮಾನರೇ ಹೇಳಿದ್ದರು ಎಂದಳು. ಹಾಗಾದರೆ ಸಾಕ್ಷಿ ಬರೀ ನಿಮ್ಮ ಬಾಯಿ ಎಂದ. ಆಮೇಲೆ ಮೇಜಿನ ಮೇಲೆ ಎರಡೂ ಕೈ ಊರಿ ಕೇಳಿದ:

"ತಾರ್ನೇದದ ಪುರಭವನದಲ್ಲಿ 1977ರ ದೊಡ್ಡ ಚಿತ್ರ ಇದೆ. ಕೈ ಎಪ್ಪತ್ತಾರರಲ್ಲೇ ಹೋಗಿದ್ರೆ ಅದನ್ನ ಬರೆದೋರು ಯಾರು?"

ಅವಳು ಈ ಪ್ರಶ್ನೆ ಬರುತ್ತದೆಂದು ತಿಳಿದೇ ಬಂದಿದ್ದಳು. ಅವಳು ಒಬ್ದೂಲಿಯಾಳ ಕಡೆ, ಬಸ್ಸಿನಲ್ಲಿ ಬಂದ ಅಷ್ಟೂ ಜನರ ಕಡೆ ನೋಡಿದಳು.

"ಮೇಲಿನ ಅರ್ಧ ಅವ್ರು. ಕೆಳಗಿಂದು, ಬಾಯಿ ಅವ್ರದು, ಕೈ ನಂದು."

"ಅಂದ್ರೆ ನೀವೂ ಅವರ ಹೆಸರಲ್ಲಿ ಚಿತ್ರ ಬರೆದಿದ್ದೀರಿ."

"ಹೌದು."

"ಒಂದು ಬರೆದೋರು ಹದಿನಾಲ್ಕು ಬರೆದಿರಬಾರದು ಯಾಕೆ?"

ಇದನ್ನು ಅವಳು ನಿರೀಕ್ಷಿಸಿರಲಿಲ್ಲ. ನಾನೂ ನಿರೀಕ್ಷಿಸಿರಲಿಲ್ಲ. ಅವಳು ತನ್ನ ಮೊಟಕು ಬೆರಳಿನ ಕೈಯನ್ನು ಮಡಿಲಿನಲ್ಲಿ ಮುಚ್ಚಿಕೊಂಡಳು. ನಾನು ಬರೆದಿಲ್ಲ ಎಂದಷ್ಟೇ ಹೇಳಿದಳು. ಆ ಮಾತು ಮುಂದಿನ ಸಾಲಿಗೂ ಸರಿಯಾಗಿ ಕೇಳಿಸಲಿಲ್ಲ.

ಕೆಳಗಿನ ಕೋರ್ಟು ಸಂಗ್ರಾಹಕನ ಪರವಾಗಿ ತೀರ್ಪು ಕೊಟ್ಟಿತು. ಫಾದ್ರಿಕೆ ಮೇಲ್ಮನವಿ ಹಾಕಿದ. ಅದರ ಜೊತೆಗೆ, ಎತೆಲ್ವಿನಾ ಎಂಬ ಹೆಂಗಸು ಎರ್ಮಿನಿಯೊ ಹೆಸರಿನಲ್ಲಿ ನಕಲಿ ಚಿತ್ರ ತಯಾರಿಸಿ ತನಗೂ ಮೋಸ ಮಾಡಿದ್ದಾಳೆ ಎಂದು ದೂರನ್ನೂ ಕೊಟ್ಟ. ಅರವತ್ತಮೂರನೆಯ ವಯಸ್ಸಿನಲ್ಲಿ ಅವಳ ತಲೆಯ ಮೇಲೆ ಜೈಲು ತೂಗತೊಡಗಿತು. ಕೋಣೆ ಖಾಲಿ ಮಾಡಲು ಹದಿನೈದು ದಿನದ ನೋಟಿಸು ಬಂತು.

ಊರು ಅದಕ್ಕಿಂತ ಬೇಗ ತೀರ್ಪು ಕೊಟ್ಟಿತ್ತು. ಪುರಭವನದವರು ಚಿತ್ರ ಇಳಿಸಿ ಉಗ್ರಾಣಕ್ಕೆ ಹಾಕಿದರು. ಗೋಡೆಯಲ್ಲಿ ಅದರ ಅಳತೆಯ ಬಿಳಿ ಚೌಕ ಉಳಿಯಿತು. ಸಾಮಾನು ಕಟ್ಟಲು ನಾನು ಹೋದ ದಿನ ದೊಡ್ಡಮ್ಮನ ಜೊತೆ ಬೇಕರಿಗೆ ಹೋಗಿದ್ದೆ. ಒಬ್ದೂಲಿಯಾ ಬ್ರೆಡ್ಡನ್ನು ಕಾಗದದಲ್ಲಿ ಸುತ್ತದೆ ಹಾಗೇ ಮುಂದಕ್ಕೆ ತಳ್ಳಿದಳು.

"ಏಳು ವರ್ಷ ನಿನ್ ಚಿತ್ರಕ್ಕೆ ನಮ್ಮ ಕೈಲಿ ಟೋಪಿ ತೆಗೆಸಿದ್ಯಲ್ಲೇ, ಎತೆಲ್ವಿನಾ. ಮೀನಿನ ಡಬ್ಬಿಗೂ ನೀನೇ ಸಹಿ ಹಾಕ್ಬಿಡು ಇನ್ಮೇಲೆ."

ದೊಡ್ಡಮ್ಮ ಬ್ರೆಡ್ ತೆಗೆದುಕೊಂಡು ಹೊರಬಂದಳು. ಅವಳು ಅತ್ತದ್ದನ್ನು ನಾನು ಕಂಡದ್ದು ಆ ಒಂದೇ ಸಲ. ಊರಿನ ಮಾತಿಗಲ್ಲ ಎಂದಳು. ಯಜಮಾನರು ಕೇಳಿದ್ದೇ ಒಂದು ಮಾತು, ಅದನ್ನೂ ಉಳಿಸಿಕೊಳ್ಳಲಿಲ್ಲವಲ್ಲ ಎಂದಳು.

ಹಿಹೋನ್‌ನ ನಮ್ಮ ಮೂರನೆಯ ಮಹಡಿಯ ಮನೆಗೆ ಅವಳನ್ನು ಕರೆತಂದೆ. ಏಳು ತಿಂಗಳು ಬಾಗಿಲ ಗಂಟೆ ಬಾರಿಸಿದಾಗಲೆಲ್ಲ ಅವಳು ಎದ್ದು ನಿಂತು ಏಪ್ರನ್ ಬಿಚ್ಚುತ್ತಿದ್ದಳು, ಕರೆದೊಯ್ಯಲು ಬಂದಿದ್ದಾರೆ ಎಂದುಕೊಂಡು. ಒಮ್ಮೆ ಗ್ಯಾಸ್ ಸಿಲಿಂಡರಿನವನ ಎದುರಿಗೂ ಹಾಗೇ ಕೈ ಒರೆಸಿಕೊಂಡು ನಿಂತಳು. ಎರಡು ಸಲ ತನಿಖಾಧಿಕಾರಿ ಕರೆಸಿ, ಕಾಗದದ ಮೇಲೆ ಕಪ್ಪು ಬಳಿಸಿ, ಕೈಯ ರೀತಿ ನೋಡಿದ. ಅದು ಹೋಲುತ್ತದೆ ಎಂದೂ ಹೇಳಲಿಲ್ಲ, ಹೋಲುವುದಿಲ್ಲ ಎಂದೂ ಹೇಳಲಿಲ್ಲ.

ನವೆಂಬರಿನ ಒಂದು ಮಧ್ಯಾಹ್ನ ಗಂಟೆ ಬಾರಿಸಿತು. ಬಾಗಿಲಲ್ಲಿ ಕೋಲೂರಿಕೊಂಡ ಮುದುಕ. ಹೆಸರು ಸೆವೆರೀನೊ. ಜೈಲಿನಲ್ಲಿ ಎರ್ಮಿನಿಯೊ ಜೊತೆ ಒಂದೇ ಕೋಣೆಯಲ್ಲಿದ್ದವನು, ಆಮೇಲೆ ಫ್ರಾನ್ಸಿಗೆ ಹೋಗಿ ತುಲೂಜ್‌ನಲ್ಲಿ ನೆಲಕ್ಕೆ ಹಂಚು ಹಾಸುವ ಕೆಲಸ ಮಾಡಿ ನಿವೃತ್ತನಾದವನು. ಕೇಸಿನ ಸುದ್ದಿ ಅವನ ಮಗಳು ಓದಿ ಹೇಳಿದ ಮೇಲೆ ರೈಲು ಹತ್ತಿದ್ದ. ಕೋಟಿನ ಒಳಜೇಬಿನಿಂದ ಒಂದು ಕಾಗದ ತೆಗೆದ. 1977ರ ಜೂನಿನ ಅಂಚೆ ಮುದ್ರೆ ಇತ್ತು. ಎಡಗೈಯಲ್ಲಿ ಗೀಚಿದ, ಮಕ್ಕಳ ಬರಹದಂಥ ಅಕ್ಷರ. ದೊಡ್ಡಮ್ಮನಿಗೆ ಓದಲು ಆಗದೆ ನಾನು ಗಟ್ಟಿಯಾಗಿ ಓದಿದೆ. ಬಲಗೈ ಸತ್ತಿದೆ, ಇನ್ನು ಚಿತ್ರ ಬರೆಯುವುದಿಲ್ಲ, ಖಾಲಿ ಬಟ್ಟೆ ನೋಡಿಕೊಂಡು ದಿನ ದೂಡುತ್ತೇನೆ ಎಂದಿತ್ತು. ಆಮೇಲೆ ಇಷ್ಟು: ಪುರಭವನದ ಚಿತ್ರದಲ್ಲಿ ಕೆಳಗಿನ ಕಪ್ಪು ಎತೆಲ್ವಿನಾಳದು. ನನ್ನದಕ್ಕಿಂತ ಚೆನ್ನಾಗಿ ಬಂದಿದೆ. ಅವಳಿಗೆ ಹೇಳಬೇಡ, ಕೂಲಿ ಜಾಸ್ತಿ ಕೇಳಿಯಾಳು.

ಅವಳು ಸಂತೋಷಪಡುತ್ತಾಳೆ ಎಂದು ನಾನು ತಲೆಯೆತ್ತಿ ನೋಡಿದೆ. ಸಿಟ್ಟಿನಿಂದ ಅವಳ ತುಟಿ ಅದುರುತ್ತಿತ್ತು.

"ನಾನು ಎಂಟು ವರ್ಷ ಬಾಯಿ ಕಟ್ಕೊಂಡು ಸತ್ತೆ. ಇವ್ರು ಮಾತ್ರ ಫ್ರಾನ್ಸ್‌ವರೆಗೂ ಹೇಳ್ಕೊಂಡಿದಾರೆ."

"ನನಗೊಬ್ಬನಿಗೇ ಕಣಮ್ಮ ಹೇಳಿದ್ದು," ಅಂದ ಸೆವೆರೀನೊ.

"ಒಬ್ಬನಾದ್ರೇನು, ಊರಾದ್ರೇನು. ನಂಗೆ ಹೇಳ್ಬೋದಿತ್ತಲ್ಲ, ಸೆವೆರೀನೊಗೆ ಬರ್ದಿದೀನಿ ಅಂತ. ಒಂದು ಮಾತು."

ಅವಳು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಪಾತ್ರೆಗಳ ಸದ್ದು ಕೇಳಿಸುತ್ತಿತ್ತು. ಸೆವೆರೀನೊ ಪೆಚ್ಚಾಗಿ ಕುರ್ಚಿಯ ತುದಿಯಲ್ಲಿ ಕೂತಿದ್ದ. ಸಂಜೆಯ ರೈಲಿಗೆ ಹೊರಡುತ್ತೇನೆ ಎಂದು ನನಗೆ ಮೆಲ್ಲಗೆ ಹೇಳಿದ. ಒಂದು ಗಂಟೆ ಕಳೆದು ಅವಳು ಬಿಳಿ ಬೀನ್ಸ್ ಕಾಳು ಮತ್ತು ಹಂದಿ ಮಾಂಸದ ಸಾರಿನ ಪಾತ್ರೆ ಹಿಡಿದು ಬಂದಳು, ಮೂರು ತಟ್ಟೆ ಇಟ್ಟಳು, ಅವನಿಗೆ ಮೊದಲು ಬಡಿಸಿದಳು.

ಕಾಗದದ ಅಕ್ಷರ ಎರ್ಮಿನಿಯೊ ಅವರದೇ ಎಂದು ತಜ್ಞರು ಒಪ್ಪಿದರು. ಅಂಚೆ ಮುದ್ರೆ ಬಗ್ಗೆ ಯಾರೂ ತಕರಾರು ಎತ್ತಲಾಗಲಿಲ್ಲ. 1985ರ ಏಪ್ರಿಲ್‌ನಲ್ಲಿ ಮೇಲ್ಮನವಿ ಬಿದ್ದುಹೋಯಿತು, ದೊಡ್ಡಮ್ಮನ ಮಾತು ನಿಜವೆಂದಾಗಿ ಅವಳ ಮೇಲಿನ ದೂರೂ ವಜಾ ಆಯಿತು. ಆ ಹದಿನಾಲ್ಕನ್ನು ಬರೆದ ಕೈ ಯಾರದು ಎಂದು ಕೊನೆಗೂ ಗೊತ್ತಾಗಲಿಲ್ಲ. ಫಾದ್ರಿಕೆ ಬಾಯಿ ಬಿಡಲಿಲ್ಲ. ಕೊಂಡವರಿಗೆ ಹಣ ಹಿಂತಿರುಗಿಸಿ ತಾರ್ನೇದದ ಮನೆ ಮಾರಿದ. ಪುರಭವನದವರು ಉಗ್ರಾಣದಿಂದ ಚಿತ್ರ ತೆಗೆದು ಮತ್ತೆ ತೂಗುಹಾಕುವುದಾಗಿ, ಕೆಳಗೆ ಎರಡು ಹೆಸರು ಹಾಕುವುದಾಗಿ ಪತ್ರ ಬರೆದರು. ಹಾಕುವುದಾದರೆ ಅವರ ಹೆಸರೊಂದೇ ಹಾಕಿ, ಇಲ್ಲವಾದರೆ ಉಗ್ರಾಣದಲ್ಲೇ ಇರಲಿ ಎಂದು ಅವಳು ನನ್ನ ಕೈಯಲ್ಲಿ ಉತ್ತರ ಬರೆಸಿದಳು. ಅವರು ಎರಡೂ ಹೆಸರು ಹಾಕಿದರು. ಅವಳು ನೋಡಲು ಹೋಗಲಿಲ್ಲ.

ಆ ನವೆಂಬರಿನ ದಿನ ಸೆವೆರೀನೊ ಸಂಜೆಯ ರೈಲಿಗೆ ಹೊರಡಲಿಲ್ಲ. ನಾಲ್ಕು ದಿನ ಇದ್ದ. ಜೈಲಿನಲ್ಲಿ ಅವರು ಹೇಗಿದ್ದರು ಎಂದು ದೊಡ್ಡಮ್ಮ ಕೇಳಿದಳು. ಅವನು ಹೇಳುತ್ತ ಹೋದ. ಬೆಳಗಿನ ಜಾವ ಗುಂಡಿಕ್ಕಲು ಒಯ್ಯುವವರ ಹೆಸರು ಕೂಗುವಾಗ ಎರ್ಮಿನಿಯೊ ಇವನ ತೋಳನ್ನು ಉಗುರು ನಾಟುವಷ್ಟು ಹಿಡಿದುಕೊಳ್ಳುತ್ತಿದ್ದರಂತೆ, ಹಲ್ಲು ಕಟಕಟ ಎನ್ನುತ್ತಿದ್ದವಂತೆ. ಮೂವತ್ತೆರಡು ವರ್ಷ ಅವರ ಜೊತೆ ಕೆಲಸ ಮಾಡಿದವಳು ಬಾಯಿ ತೆರೆದು ಕೇಳಿದಳು.

"ಅವ್ರಿಗೆ ಭಯ ಆಗ್ತಿತ್ತಾ?" ಅಂದಳು.

"ನಮ್ಮೆಲ್ರಿಗಿಂತ ಜಾಸ್ತಿ," ಅಂದ ಸೆವೆರೀನೊ.

ದೊಡ್ಡಮ್ಮ ಅವನ ಲೋಟಕ್ಕೆ ಸೇಬಿನ ಸೈಡರ್ ಸುರಿದಳು, ಇನ್ನೂ ಹೇಳು ಎಂದಳು.